ಅಮ್ಮ ಕೂಡಿಸಿದ ಸಂಖ್ಯೆ

ಜನವರಿ 9

ಅಕ್ಕಾ,

ಅಮ್ಮನನ್ನು ರೈಲು ಹತ್ತಿಸಿ ಈಗ ತಾನೇ ಲ್ಯಾಬಿಗೆ ಬಂದು ಕೂತಿದ್ದೇನೆ. ಬಂದ ಕೆಲಸ ಮುಗಿಸಿಕೊಂಡೇ ಹೊರಟಿದ್ದಾಳೆ. ಅದು ಹೇಗೆ ಮುಗಿಯಿತು ಎಂಬುದನ್ನು ಅವಳ ಬಾಯಿಂದ ಕೇಳುವ ಮೊದಲು ನನ್ನಿಂದ ಕೇಳಿಬಿಡು, ಇಲ್ಲದಿದ್ದರೆ ನನ್ನ ಮಾನ ಉಳಿಯುವುದಿಲ್ಲ.

ಒಳಗೆ ಬಂದವಳೇ, ಲೇಸರ್ ಬೆಳಕನ್ನು ತಿರುಗಿಸಲು ಮೇಜಿನ ತುಂಬ ನಿಲ್ಲಿಸಿದ್ದ ಕನ್ನಡಿಗಳನ್ನು ನೋಡಿ ಎಲ್ಲರೆದುರು, “ಇಷ್ಟೊಂದು ಕನ್ನಡಿ ಇಟ್ಕೊಂಡಿದೀಯ, ಒಂದರಲ್ಲಾದ್ರೂ ನೋಡ್ಕೊಂಡು ತಲೆ ಬಾಚ್ಕೋಬಾರ್ದಾ?” ಅಂದಳು. ನಮ್ಮ ಪಂಪು, ಪಾತ್ರೆ, ಪೈಪುಗಳನ್ನೆಲ್ಲ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್, ಅದೇ ವ್ಯಾಕ್ಯೂಮ್ ಮಾಮ, ನಕ್ಕ ನಗುವಿಗೆ ಪಂಪಿನ ಸದ್ದೇ ಕೇಳಿಸಲಿಲ್ಲ.

ಇಲ್ಲಿ ಏನು ಮಾಡ್ತೀರಿ ಅಂತ ಕೇಳಿದಳು. ಹೇಳಿದೆ: ಒಂದು ಪ್ರೋಟಾನು, ಅದರ ಎರಡರಷ್ಟು ತೂಕದ ಒಂದು ಡ್ಯೂಟರಾನು, ಇಬ್ಬರನ್ನೂ ಹಿಡಿದಿಟ್ಟಿರುವ ಒಂದೇ ಒಂದು ಎಲೆಕ್ಟ್ರಾನು. ಇಷ್ಟೇ ನಮ್ಮ ಅಯಾನು. ಇದಕ್ಕಿಂತ ಸರಳವಾದದ್ದು ಹುಡುಕಿದರೂ ಸಿಗುವುದು ಕಷ್ಟ. ಮಧ್ಯೆ ಸ್ಪ್ರಿಂಗ್ ಕಟ್ಟಿದ ಹಾಗೆ ಆ ಎರಡೂ ಅಲುಗಾಡುತ್ತಿರುತ್ತವೆ. ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಲೇಸರ್ ಬಿಟ್ಟು, ಸೆಕೆಂಡಿಗೆ ಎಷ್ಟು ಕಂಪನದ ಬೆಳಕಿಗೆ ಅದು ಓಗೊಡುತ್ತದೆ ಎಂದು ಅಳೆಯುತ್ತೇವೆ. ಸಿಗುವುದು ಹದಿನಾಲ್ಕು ಅಂಕಿಯ ಒಂದು ಸಂಖ್ಯೆ. ಅದೇ ಸಂಖ್ಯೆಯನ್ನು ಅಕ್ಕ ಲೇಸರೂ ಇಲ್ಲದೆ ಪಂಪೂ ಇಲ್ಲದೆ ಬರೀ ಲೆಕ್ಕದಿಂದ ತೆಗೆಯುತ್ತಾಳೆ. ಮೊದಲ ಹನ್ನೊಂದು ಅಂಕಿಗಳಲ್ಲಿ ಯಾರಿಗೂ ತಕರಾರಿಲ್ಲ, ಜಗಳವೆಲ್ಲ ಕೊನೆಯ ಮೂರರದ್ದು. ಅಮ್ಮ ಎಲ್ಲ ಕೇಳಿಸಿಕೊಂಡು, “ಇಬ್ರ ಮಧ್ಯ ಸಿಕ್ಕಾಕೊಂಡಿರೋ ಆ ಎಲೆಕ್ಟ್ರಾನ್ ಪಾಡು ನಂಗೆ ಗೊತ್ತು ಬಿಡು” ಅಂದಳು.

ಆಮೇಲೆ ಮುಖ್ಯ ಕೆಲಸ. ಹೊರಗಿನವರೊಬ್ಬರು ಐನೂರರೊಳಗಿನ ಒಂದು ಗುಟ್ಟಿನ ಸಂಖ್ಯೆಯನ್ನು ಕಂಪ್ಯೂಟರಿಗೆ ಒತ್ತಿ ಹೋಗಬೇಕು. ನಾವು ಅಳೆದದ್ದಕ್ಕೆಲ್ಲ ಕಂಪ್ಯೂಟರು ಅದನ್ನು ಕೂಡಿಸಿಯೇ ತೋರಿಸುತ್ತದೆ. ನಿಜವಾದ ಉತ್ತರ ನಮಗೇ ಗೊತ್ತಿರುವುದಿಲ್ಲ, ಹಾಗಾಗಿ ಬೇಕಾದ ಉತ್ತರ ಬಂದ ತಕ್ಷಣ ಸಾಕು ಅಂತ ಕೈ ತೊಳೆದುಕೊಳ್ಳುವ ಆಸೆಯೂ ಹುಟ್ಟುವುದಿಲ್ಲ. ಎಲ್ಲ ಮುಗಿದ ಮೇಲೆ ಒಂದು ದಿನ ಅದನ್ನು ತೆರೆದು ಕಳೆಯುವುದು. ಬಾಯಿ ಬಿಡದವರು ಯಾರಿದ್ದಾರೆ ಎಂದು ಲ್ಯಾಬಿನ ನಿರ್ದೇಶಕರು ಕೇಳಿದಾಗ ನಾನು ಅಮ್ಮನ ಹೆಸರು ಹೇಳಿದ್ದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರಿನ ಗುಟ್ಟನ್ನೆಲ್ಲ ಕಿವಿಯ ಮೇಲೆ ಹಾಕಿಕೊಂಡು, ಒಂದು ಮಾತನ್ನೂ ಮನೆಗೆ ತಾರದವಳು.

ಎಲ್ಲರನ್ನೂ ಹೊರಗೆ ಕಳಿಸಿದಳು. ಗಾಜಿನಿಂದ ನೋಡುತ್ತಿದ್ದೆವು, ಕೀಲಿಮಣೆಗೆ ಒಂದು ಕೈ ಅಡ್ಡ ಹಿಡಿದು ಇನ್ನೊಂದರಲ್ಲಿ ಒತ್ತಿದಳು. ಖಚಿತವೇ ಎಂದು ಕಂಪ್ಯೂಟರು ಕೇಳಿದ್ದಕ್ಕೆ ಬಾಯಿಬಿಟ್ಟೇ “ಹೂಂ ಕಣಪ್ಪಾ” ಅಂದಳು. ರೈಲು ತಡವಾಗಿತ್ತು, ಪ್ಲಾಟ್‌ಫಾರಂನಲ್ಲಿ ತುಂಬ ಹೊತ್ತು ಅದೂ ಇದೂ ಮಾತಾಡಿದೆವು.

ನಮ್ಮ ಒಪ್ಪಂದ ನೆನಪಿರಲಿ. ಸಂಖ್ಯೆ ತೆರೆಯುವ ತನಕ ನಾವಿಬ್ಬರೂ ಫೋನ್ ಮಾಡುವಂತಿಲ್ಲ. ನೀನು ಹಲೋ ಅನ್ನುವ ದನಿಯಲ್ಲೇ ನಿನ್ನ ಲೆಕ್ಕ ಎಲ್ಲಿಗೆ ಬಂದಿದೆ ಅಂತ ನನಗೆ ಗೊತ್ತಾಗಿಬಿಡುತ್ತದೆ. ಲ್ಯಾಬಿನ ಇ-ಮೇಲ್ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಕಾಗದವೇ ವಾಸಿ.

ನಿನ್ನ
ಪುಟ್ಟ


ಜನವರಿ 23

ಪುಟ್ಟಾ,

ಅಮ್ಮ ಕ್ಷೇಮವಾಗಿ ಬಂದಳು. ಬ್ಯಾಗು ಇಳಿಸುವ ಮೊದಲೇ ನಿಮ್ಮ ಭಾವ, “ಎಷ್ಟು ಹಾಕಿ ಬಂದ್ರಿ ಅತ್ತೆ, ನಮಗಷ್ಟೇ ಹೇಳಿ” ಅಂತ ಶುರು ಮಾಡಿದರು. “ರಾಂಗ್ ನಂಬರ್” ಅಂದವಳೇ ಸ್ನಾನಕ್ಕೆ ಹೋದಳು. ಅವತ್ತಿನಿಂದ ಮನೆಯಲ್ಲಿ ಆ ಮಾತೇ ಇಲ್ಲ.

ಇಲ್ಲಿ ನನ್ನ ಪರಿಸ್ಥಿತಿ ನಿನಗೆ ಗೊತ್ತಿರುವುದೇ. ಆದರೂ ಬರೆಯುತ್ತೇನೆ, ಬರೆದರೆ ಎದೆಯ ಭಾರ ಕಡಿಮೆಯಾಗುತ್ತದೆ. ನಾಲ್ಕು ವರ್ಷದ ಹಿಂದೆ ಆ ಸಭೆಯಲ್ಲಿ ಗಡ್ಡದ ಪ್ರೊಫೆಸರು ಎದ್ದು ನಿಂತು, “ಇವರು ಉತ್ತರ ನೋಡ್ಕೊಂಡು ಲೆಕ್ಕ ಬರೀತಾರೆ” ಅಂದರಲ್ಲ, ಅದು ಇವತ್ತಿಗೂ ಬೆನ್ನು ಬಿಟ್ಟಿಲ್ಲ. ಬೇರೆ ಲ್ಯಾಬಿನವರ ಅಳತೆ ಹೊರಬಂದ ಮೇಲೆ ನಾನು ನನ್ನ ತಪ್ಪು ತಿದ್ದಿದ್ದು ನಿಜ. ತಪ್ಪು ಇದ್ದದ್ದೂ ನಿಜ. ಆದರೆ ಯಾವುದು ಮೊದಲು ಯಾವುದು ಆಮೇಲೆ ಅನ್ನೋದನ್ನಷ್ಟೇ ಜನ ನೋಡುತ್ತಾರೆ. ನಾನು ಕ್ಯಾಂಟೀನಿಗೆ ಕಾಲಿಟ್ಟರೆ ಈಗಲೂ ಒಂದು ಮೇಜು ಸುಮ್ಮನಾಗುತ್ತದೆ.

ಏಪ್ರಿಲ್‌ನಲ್ಲಿ ಸಮಿತಿ ಕೂರುತ್ತದೆ, ಗಡ್ಡದವರೇ ಅಧ್ಯಕ್ಷರು. ಪುಟ್ಟಾ, ನಿನ್ನ ಅಳತೆ ನನ್ನ ಲೆಕ್ಕವನ್ನು ಮುಟ್ಟದಿದ್ದರೆ ನನ್ನ ಗುಂಪನ್ನು ಮುಚ್ಚುತ್ತಾರೆ. ಮುಟ್ಟಿದರೂ, ನಾನು ಎಲ್ಲೋ ಇಣುಕಿದೆ ಎಂಬ ಅನುಮಾನ ಚೂರು ಉಳಿದರೆ ಸಾಕು, ಆಗಲೂ ಮುಚ್ಚುತ್ತಾರೆ. ಹತ್ತು ವರ್ಷದ ಕೆಲಸ, ನನ್ನ ಹೆಸರು, ಎರಡೂ ಮೂರು ಅಂಕಿಯ ಮೇಲೆ ನಿಂತಿವೆ. ಒಪ್ಪಂದ ಮೀರಿಯೇ ಹೇಳುತ್ತಿದ್ದೇನೆ, ಇವತ್ತಿಗೆ ನನ್ನ ಕೊನೆಯ ಮೂರು ಅಂಕಿ 412. ನಿನ್ನ ಹತ್ತಿರ ಮುಚ್ಚಿಡುವುದೇನು?

ಒಂದು ಮಾತು. ನಿನ್ನ ತೆರೆಯ ಮೇಲೆ ಎಷ್ಟು ತೋರಿಸುತ್ತಿದೆ? ಅಮ್ಮನ ಸಂಖ್ಯೆ ಸೇರಿದ ಮೇಲೆ ಅದಕ್ಕೆ ಯಾವ ಬೆಲೆಯೂ ಇಲ್ಲವಲ್ಲ, ಹೇಳಿದರೆ ತಪ್ಪೇನು? ಸುಮ್ಮನೆ ಕುತೂಹಲ.

ಅಕ್ಕ


ಫೆಬ್ರವರಿ 8

ಅಕ್ಕಾ,

ಉತ್ತರ ತಡವಾಯಿತು. ಅಯಾನನ್ನು ಇಡುವ, ಗಾಳಿ ತೆಗೆದ ಪಾತ್ರೆಯಲ್ಲಿ ಎಲ್ಲೋ ಕೂದಲೆಳೆಯ ಸೋರಿಕೆ ಇತ್ತು. ವ್ಯಾಕ್ಯೂಮ್ ಮಾಮ ಒಂದೊಂದೇ ಬೋಲ್ಟನ್ನು ಮಾತಾಡಿಸಿಕೊಂಡು ಬಂದು ಕೊನೆಗೆ ಹಿಡಿದರು. ಈಗ ಎಲ್ಲ ಸರಿ ಇದೆ. ನಮ್ಮದನ್ನು ತಣ್ಣಗಿಡಲು ಜೊತೆಗೆ ಹಾಕಿದ ಬೆರಿಲಿಯಂ ಅಯಾನುಗಳು ಕ್ಯಾಮೆರಾದಲ್ಲಿ ಸಾಲಾಗಿ ಮಿನುಗುತ್ತವೆ, ನಡುವೆ ಒಂದು ಕಪ್ಪು ಗೆರೆ. ನಮ್ಮ ಅಯಾನು ಮಿನುಗುವುದಿಲ್ಲ, ಆ ಕಪ್ಪಿನಲ್ಲೇ ಕೂತಿರುತ್ತದೆ. ಏನೂ ಕಾಣದಿರುವ ಜಾಗವನ್ನು ನೋಡಿಯೇ ಅದು ಅಲ್ಲಿದೆ ಎಂದು ತಿಳಿಯಬೇಕು. ಸರಿಯಾದ ಲೇಸರ್ ತಾಗಿದಾಗ ಅಲುಗಾಟ ಜೋರಾಗುತ್ತದೆ, ಇನ್ನೊಂದು ಲೇಸರ್ ಅಂಥದ್ದನ್ನು ಒಡೆದು ಹಾಕುತ್ತದೆ, ಕಪ್ಪು ಗೆರೆ ಸಣ್ಣದಾಗುತ್ತದೆ. ಒಡೆದದ್ದನ್ನೇ ಎಣಿಸುವ ಕೆಲಸ ನಮ್ಮದು.

ನೀನು ತೆರೆಯ ಮೇಲಿನ ಅಂಕಿ ಕೇಳಿದ್ದನ್ನು ಮೊದಲ ಸಲ ಓದಿದಾಗ ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ. ಬೆಲೆಯೇ ಇಲ್ಲದ್ದನ್ನು ಕೇಳಿ ನಿನಗೇನಾಗಬೇಕು? ಅದಕ್ಕೆ ಬೆಲೆ ಬರುವುದು ಅಮ್ಮನ ಸಂಖ್ಯೆ ಗೊತ್ತಿದ್ದವರಿಗೆ ಮಾತ್ರ. ಅಮ್ಮ ಇರುವುದು ನಿನ್ನ ಮನೆಯಲ್ಲಿ.

ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಬರೆದೆ. ಅಕ್ಕ ಕೇಳಿದ ಮೇಲೆ ಇಲ್ಲ ಅನ್ನಲಿಕ್ಕಾಗುತ್ತದೆಯೇ? ತಗೋ: 748. ಯಾರಿಗೂ ಹೇಳಬೇಡ.

ಅಮ್ಮ ಹೇಗಿದ್ದಾಳೆ? ನೀವಿಬ್ಬರೂ ಕೂತು ಏನೇನು ಮಾತಾಡಿಕೊಳ್ಳುತ್ತೀರಿ?

ಪುಟ್ಟ


ಮಾರ್ಚ್ 1

ಪುಟ್ಟಾ,

ಚಿಕ್ಕ ಕಾಗದ, ಬೇಜಾರು ಮಾಡಿಕೊಳ್ಳಬೇಡ. ಮೂರು ವಾರದಿಂದ ನನಗೆ ಊಟ ರುಚಿಸುತ್ತಿಲ್ಲ. ಕಾರಣ ಕೇಳಬೇಡ.

ಲೆಕ್ಕವನ್ನೆಲ್ಲ ಬುಡದಿಂದ ಮತ್ತೆ ಮಾಡಿದೆ. ಎಲೆಕ್ಟ್ರಾನು ತನ್ನ ಮೇಲೆ ತಾನೇ ತಂದುಕೊಳ್ಳುವ ಆ ಸಣ್ಣ ತಿದ್ದುಪಡಿ ಇದೆಯಲ್ಲ, ಅಲ್ಲಿ ಪ್ರೋಟಾನು, ಡ್ಯೂಟರಾನು ಎರಡೂ ಕೂತಲ್ಲೇ ಕೂತಿವೆ ಎಂದು ಹಿಡಿದು ಸಮೀಕರಣದ ಒಂದು ಪದವನ್ನು ಬಿಟ್ಟುಬಿಟ್ಟಿದ್ದೆ. ಅವು ಕೂತಲ್ಲಿ ಕೂರುವ ಜಾತಿಯೇ? ಎಂಟು ವರ್ಷ ಕಣ್ಣೆದುರಿಗೇ ಇದ್ದ ತಪ್ಪು. ಸೇರಿಸಿದ ಮೇಲೆ ನನ್ನ ಅಂಕಿ ಮೇಲೆ ಹೋಯಿತು: 435, ಐದು ಆಚೆ ಈಚೆ. ಇನ್ನು ಬೇರೆ ತಪ್ಪು ಸಿಗಲಿಲ್ಲ. ಸಿಗಲಿ ಅಂತ ಎಷ್ಟು ಹುಡುಕಿದೆ ಅನ್ನುವುದು ನನಗೆ ಗೊತ್ತು.

ನಿನ್ನೆ ಅದನ್ನು ವಿಜ್ಞಾನ ಪತ್ರಿಕೆಗೆ ಕಳಿಸಿಬಿಟ್ಟೆ. ಇನ್ನು ನಾನು ಮುಟ್ಟುವಂತಿಲ್ಲ. ಆದದ್ದಾಗಲಿ.

ಅಮ್ಮ ಆರಾಮವಾಗಿದ್ದಾಳೆ. ನಾವು ಮಾತಾಡುವುದು ಕಡಿಮೆ.

ಅಕ್ಕ


ಮಾರ್ಚ್ 11

ಅಕ್ಕಾ,

ನಾನು 748 ಅಂತ ಬರೆದೆ. ಮೂರು ವಾರದಲ್ಲಿ ನಿನ್ನ ಅಂಕಿ ಮೇಲೆದ್ದು ಕೂತಿತು. ಎಂಟು ವರ್ಷ ಕಾಣದ ತಪ್ಪು ನನ್ನ ಕಾಗದ ಬಂದ ಮೇಲೆ ಕಂಡಿತು. ಗಡ್ಡದವರು ಅಂದ ಮಾತಿಗೆ ಅವತ್ತು ಅವರ ಕಾಲರ್ ಹಿಡಿಯಲು ಹೋದವನು ನಾನು. ಇವತ್ತು ಅದೇ ಮಾತು ನನ್ನ ಬಾಯಿಗೆ ಬರುತ್ತಿದೆ, ಅಸಹ್ಯವಾಗುತ್ತಿದೆ.

ಭಾನುವಾರ ಅಮ್ಮನಿಗೆ ಫೋನ್ ಮಾಡಿದ್ದೆ. ಅಕ್ಕ ಏನಾದ್ರೂ ಕೇಳಿದ್ಲಾ ಅಂದೆ. “ಕೇಳೋರು ಕೇಳ್ತಾರೆ, ಕೇಳಿದ್ದಕ್ಕೆ ಏನಾದ್ರೂ ಹೇಳ್ಬೇಕಲ್ಲ” ಅಂದಳು. ಏನು ಹೇಳಿದೆ ಅಂದರೆ ಗ್ಯಾಸ್ ಮೇಲೆ ಹಾಲಿದೆ ಅಂತ ಫೋನ್ ಇಟ್ಟಳು. ಅಂದರೆ ನೀನು ಕೇಳಿದ್ದೀಯ. ಅವಳು ಹೇಳಿದ್ದಾಳೆ.

ಅನುಮಾನ ಮಾತ್ರ ಅಲ್ಲ, ನನ್ನ ಹತ್ತಿರ ಪುರಾವೆ ಇದೆ. ಅದೇನು ಅಂತ ಈಗ ಹೇಳಲಾರೆ. ಆದರೆ ನಿನ್ನ 435 ಎಲ್ಲಿಂದ ಬಂತು ಎಂದು ನನಗೆ ಅಂಕಿಸಮೇತ ಗೊತ್ತು.

ನಾವು ಚಿಕ್ಕವರಿದ್ದಾಗ ಗಣಿತದ ಪುಸ್ತಕದ ಕೊನೆಯಲ್ಲಿ ಉತ್ತರಗಳಿದ್ದ ಪುಟಗಳನ್ನು ನೀನು ದಾರ ಹಾಕಿ ಹೊಲಿದುಬಿಡುತ್ತಿದ್ದೆ, ಇಣುಕುವ ಆಸೆ ಆಗಬಾರದು ಅಂತ. ನಮ್ಮ ಅಕ್ಕ ಅಂದರೆ ಹೀಗೆ ಅಂತ ನಾನು ಶಾಲೆಯಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ವರ್ಷದ ಕೊನೆಗೆ ಆ ಪುಸ್ತಕ ನನ್ನ ಪಾಲಿಗೆ ಬಂತು. ನೋಡಿದರೆ ಹೊಲಿಗೆ ಬಿಚ್ಚಿತ್ತು. ಇಷ್ಟು ವರ್ಷ ಅದರ ಬಗ್ಗೆ ಬಾಯಿ ಬಿಟ್ಟಿರಲಿಲ್ಲ.

ಸಂಖ್ಯೆ ತೆರೆಯುವ ದಿನ ಏಪ್ರಿಲ್ 2 ಎಂದು ಗೊತ್ತಾಗಿದೆ. ನಿರ್ದೇಶಕರು, ನಿಮ್ಮ ಗಡ್ಡದವರು, ಎಲ್ಲರೂ ಕೋಣೆಯಲ್ಲಿರುತ್ತಾರೆ. ಅಷ್ಟರಲ್ಲಿ ನೀನೇ ಅವರಿಗೆ ನಿಜ ಹೇಳಿ ಪತ್ರಿಕೆಯಿಂದ ಲೇಖನ ವಾಪಸ್ ತೆಗೆದುಕೊ. ಇಲ್ಲದಿದ್ದರೆ ನಾನು ಹೇಳಬೇಕಾಗುತ್ತದೆ.

ಪುಟ್ಟ


ಮಾರ್ಚ್ 19

ಪುಟ್ಟ ಅನ್ನಲಿಕ್ಕೂ ಕೈ ಬರುತ್ತಿಲ್ಲ.

ಹೊಲಿಗೆ ಬಿಚ್ಚಿದ್ದು ನಾನೇ. ಲೆಕ್ಕ ಮಾಡಿ ಮುಗಿಸಿ, ಪೆನ್ನಿನ ಕ್ಯಾಪು ಹಾಕಿದ ಮೇಲೆ ಬಿಚ್ಚುತ್ತಿದ್ದೆ. ಸರಿಯೋ ತಪ್ಪೋ ನೋಡಬೇಡವೇ? ಆ ಪುಟ ಇರುವುದು ಯಾತಕ್ಕೆ? ಇಷ್ಟು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಮನೆಯಲ್ಲಿ ಉಂಡೆ, ನನ್ನ ಮದುವೆಯಲ್ಲಿ ಓಡಾಡಿದೆ. ಒಂದು ಸಲ ಕೇಳಬಾರದಿತ್ತೇ?

ನಿನ್ನ ಪುರಾವೆ ನಿನ್ನ ಹತ್ತಿರವೇ ಇರಲಿ. ಲೇಖನ ವಾಪಸ್ ತೆಗೆದುಕೊಳ್ಳುವುದಿಲ್ಲ. 435 ಅಂದರೆ 435. ಅಮ್ಮನನ್ನು ನಾನು ಏನು ಕೇಳಿದೆ, ಅವಳು ಏನು ಹೇಳಿದಳು ಅನ್ನುವುದು ನನಗೂ ಅವಳಿಗೂ ಬಿಟ್ಟದ್ದು, ಸಮಯ ಬಂದಾಗ ಹೇಳುತ್ತೇನೆ. ತೆರೆ, ಎಲ್ಲರ ಮುಂದೆಯೇ ತೆರೆ. ನಾನು ಮುಳುಗಿದರೆ ನನ್ನ ಲೆಕ್ಕದ ಜೊತೆಗೇ ಮುಳುಗುತ್ತೇನೆ, ನೀನು ದಡದಲ್ಲಿ ನಿಂತು ನೋಡು.

ಇನ್ನು ಅವತ್ತಿನ ತನಕ ಬರೆಯಬೇಡ.


ಏಪ್ರಿಲ್ 2

ಅಕ್ಕಾ,

ಫೋನ್ ಮಾಡಲು ಐದಾರು ಸಲ ಕೈಗೆತ್ತಿಕೊಂಡೆ. ನೀನು ಎತ್ತಿದರೆ ನನಗೆ ಮಾತು ಬರುವುದಿಲ್ಲ. ಅದಕ್ಕೆ ಬರೆಯುತ್ತಿದ್ದೇನೆ.

ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಸೇರಿದರು. ಗಡ್ಡದವರು ಕುರ್ಚಿಯನ್ನು ತೆರೆಗೆ ಹತ್ತಿರ ಎಳೆದುಕೊಂಡು ಕನ್ನಡಕ ಒರೆಸಿ ಕೂತರು. ವ್ಯಾಕ್ಯೂಮ್ ಮಾಮ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಮೂರು ತಿಂಗಳ ಅಳತೆಯೆಲ್ಲ ಸೇರಿ ನಮ್ಮ ತೆರೆಯ ಮೇಲಿನ ಕೊನೆಯ ಅಂಕಿ ಬೋರ್ಡಿನ ಮೇಲಿತ್ತು. ಅದು 748 ಅಲ್ಲ ಅಕ್ಕಾ, 688. ಅವತ್ತೂ 688ರ ಆಸುಪಾಸಿನಲ್ಲೇ ಇತ್ತು. ನಿನಗೆ ಬರೆದದ್ದು ಸುಳ್ಳು. ಬೇಕೆಂದೇ ಅರವತ್ತು ಜಾಸ್ತಿ ಬರೆದೆ. ಅಕ್ಕ ಕದ್ದರೆ ಸುಳ್ಳನ್ನೇ ಕದಿಯಲಿ, ಅರವತ್ತು ತಪ್ಪಿ ಸಿಕ್ಕಿಬೀಳಲಿ ಎಂದು ಬಲೆ ಒಡ್ಡಿದ್ದೆ. ಸ್ವಂತ ಅಕ್ಕನಿಗೆ.

ನಿರ್ದೇಶಕರು ಗುಂಡಿ ಒತ್ತಿದರು. ಅಮ್ಮನ ಸಂಖ್ಯೆ ಬಂತು: 251.

688ರಲ್ಲಿ 251 ಹೋದರೆ 437. ನಿನ್ನದು 435. ಗಡ್ಡದವರು ನಿಧಾನವಾಗಿ, “ತುಂಬಾನೇ ಹತ್ತಿರ ಬಂದಿದೆ. ಅದೇ ನನಗೆ ಅನುಮಾನ. ತಮ್ಮ ಇಲ್ಲಿ, ತಾಯಿ ಅಲ್ಲಿ” ಅಂದರು.

ನಾನು ಎದ್ದು ನಿಂತೆ. ಹೇಳಿದೆ: “ಸರ್, ಅವಳ ಮೇಲೆ ನಿಮಗಿಂತ ಜಾಸ್ತಿ ಅನುಮಾನ ನನಗಿತ್ತು. ಅದಕ್ಕೆ ಅವಳಿಗೆ ಸುಳ್ಳು ಅಂಕಿ ಬರೆದಿದ್ದೆ. ಅಮ್ಮನ 251 ಕದ್ದಿದ್ರೆ, ನನ್ನ ಸುಳ್ಳು 748ರಲ್ಲಿ ಅದನ್ನ ಕಳೆದು 497 ಅಂತ ಬರೀಬೇಕಿತ್ತು. ಅವಳು ಬರೆದಿದ್ದು 435. ನಿಜವಾದ ಅಂಕಿ ಅವಳಿಗೆ ನಾನು ಕೊಟ್ಟೇ ಇಲ್ಲ. ಎಲ್ಲಿಂದ ಕದೀತಾಳೆ ಹೇಳಿ?” ಗಡ್ಡದವರು ಆ ಸಂಖ್ಯೆಗಳನ್ನೆಲ್ಲ ಬರೆದುಕೊಂಡು ತಲೆ ಆಡಿಸಿದರು.

ನನ್ನ ಸುಳ್ಳೇ ನಿನಗೆ ಸಾಕ್ಷಿಯಾಯಿತು. ನೀನು ಅಮ್ಮನನ್ನು ಏನನ್ನೂ ಕೇಳಿರಲಿಲ್ಲ, ಕೋಪಕ್ಕೆ ಹಾಗೆ ಬರೆದೆ ಎಂದು ಈಗ ಅರ್ಥವಾಗುತ್ತಿದೆ. ಕ್ಷಮಿಸು ಅನ್ನಲು ನನಗೆ ಯೋಗ್ಯತೆ ಇಲ್ಲ. ಆದರೂ ಅನ್ನುತ್ತಿದ್ದೇನೆ.

ಪುಟ್ಟ


ಏಪ್ರಿಲ್ 10

ಪುಟ್ಟಾ,

ನಿನ್ನ ಕಾಗದ ಓದಿ ಮೊದಲು ಅತ್ತೆ, ಆಮೇಲೆ ನಕ್ಕೆ. ನಿಮ್ಮ ಭಾವ ಹೆದರಿ ನೀರು ತಂದುಕೊಟ್ಟರು.

ನಿನ್ನ ಕ್ಷಮೆಯಲ್ಲಿ ಅರ್ಧ ವಾಪಸ್ ತೆಗೆದುಕೊ. ನಾನು ಕೇಳಿದ್ದೆ.

ನಿನ್ನ 748 ಬಂದ ದಿನ ಸಂಜೆ ಅಮ್ಮ ಬಟ್ಟೆ ಮಡಿಸುತ್ತಾ ಕೂತಿದ್ದಳು. ನಾನು ಒಂದು ದಿಂಬಿನ ಚೀಲ ಕೈಯಲ್ಲಿ ಹಿಡಿದು, ಅದನ್ನೇ ಮಡಿಸಿ ಬಿಚ್ಚಿ ಮಡಿಸಿ, ಕೊನೆಗೆ ಕೇಳಿಬಿಟ್ಟೆ. ನಾಲ್ಕು ವರ್ಷ ಕಳ್ಳಿ ಅನ್ನಿಸಿಕೊಂಡವಳು ಪುಟ್ಟಾ, ಆ ಹೆಸರು ಕಳಚಬೇಕು ಅಂತ ಎಷ್ಟು ಆಸೆ ಇತ್ತೆಂದರೆ, ಅದಕ್ಕೋಸ್ಕರ ಕದಿಯಲಿಕ್ಕೂ ಹೊರಟೆ. ಅಮ್ಮ ನನ್ನ ಮುಖ ನೋಡಿದಳು. ಯಾಕೆ ಅನ್ನಲಿಲ್ಲ. “ನೂರಾ ನಲವತ್ತು” ಅಂದು ಟವೆಲ್ ಎತ್ತಿಕೊಂಡಳು.

748ರಲ್ಲಿ 140 ಕಳೆದರೆ 608. ನನ್ನ ಹತ್ತಿರ ಇದ್ದದ್ದು 412. ನೆಲವೇ ಕುಸಿದ ಹಾಗಾಯಿತು. ಇಷ್ಟು ದೊಡ್ಡ ತಪ್ಪು ಎಲ್ಲಿದೆ ಅಂತ ಹುಚ್ಚು ಹಿಡಿದವಳ ಹಾಗೆ ಹುಡುಕಿದೆ. ಆ ಕೈಬಿಟ್ಟ ಪದ ಸಿಕ್ಕಿದ್ದೇ ಆಗ. ಸಿಕ್ಕಿದಾಗ ಎಷ್ಟು ಖುಷಿಯಾಯಿತು ಅನ್ನುತ್ತೀಯ! ಆದರೆ ಅದು 435ರ ತನಕ ಕರೆದುಕೊಂಡು ಹೋಗಿ ಅಲ್ಲೇ ಕೈ ಬಿಟ್ಟಿತು. 608 ಇನ್ನೂ ಎಲ್ಲೋ ದೂರ. ಅಲ್ಲಲ್ಲಿ ಅಂದಾಜು ಮಾಡಿದ ಪದಗಳಿದ್ದವು. ಒಂದನ್ನು ಸ್ವಲ್ಪ ದೊಡ್ಡದು ಮಾಡಿ, ಇನ್ನೊಂದನ್ನು ಕಿತ್ತು ಹಾಕಿ 608ಕ್ಕೆ ತರಬಹುದಿತ್ತು. ಎರಡು ದಿನ ತಂದೂ ನೋಡಿದೆ. ಮೂರನೇ ದಿನ ಅದನ್ನೆಲ್ಲ ಹರಿದು ಹಾಕಿ 435 ಕಳಿಸಿದೆ. ಸೋಲುತ್ತೇನೆ ಎಂದು ಖಾತ್ರಿಯಾಗಿಯೇ ಕಳಿಸಿದೆ. ಆ ಕಾಗದದಲ್ಲಿ ಊಟ ರುಚಿಸುತ್ತಿಲ್ಲ ಅಂದದ್ದು ಅದಕ್ಕೆ.

ನಿನ್ನೆ ಗಡ್ಡದವರ ಕೋಣೆಗೆ ಹೋಗಿ ಇದನ್ನೆಲ್ಲ ಹೇಳಿದೆ. ನನ್ನ ತಮ್ಮ ನನಗೆ ಕೊಟ್ಟ ಒಳ್ಳೆಯ ಹೆಸರು ಪೂರ್ತಿ ನಿಜವಲ್ಲ ಸರ್, ನಾನು ಕೇಳಿದ್ದೆ ಅಂದೆ. ಅವರು ಗಡ್ಡ ಕೆರೆದುಕೊಂಡು, “ಇದನ್ನ ನೀವು ಹೇಳ್ದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ” ಅಂದರು. ಹೌದು ಸರ್ ಅಂದೆ. ಬರೆದು ಕೊಡಿ ಅಂದರು, ಕೊಟ್ಟು ಬಂದೆ. ಏನಾಗುತ್ತದೋ ಗೊತ್ತಿಲ್ಲ. ಆದರೆ ಇವತ್ತು ಕ್ಯಾಂಟೀನಿನಲ್ಲಿ ಕೂತು ಪೂರ್ತಿ ಊಟ ಮಾಡಿದೆ.

ಮನೆಗೆ ಬಂದು ಅಮ್ಮನನ್ನು ತರಾಟೆಗೆ ತೆಗೆದುಕೊಂಡೆ. ಯಾಕೆ ಸುಳ್ಳು ಹೇಳಿದೆ, ಹೇಳಲ್ಲ ಅಂದಿದ್ದರೆ ಸಾಕಾಗಿತ್ತಲ್ಲ ಅಂದೆ. ಕಾಗದ ಕೊಡು ಇಲ್ಲಿ, ಕೆಳಗೆ ನಾನೇ ಬರೀತೀನಿ ಅಂತ ಕಿತ್ತುಕೊಂಡಿದ್ದಾಳೆ.

ಅಕ್ಕ

ಪುಟ್ಟಾ, ಅಮ್ಮ ಬರೀತಿರೋದು. ಎಕ್ಸ್‌ಚೇಂಜಲ್ಲಿ ನಂಗೆ ಕಲಿಸಿಕೊಟ್ಟಿದ್ದೇ ಇದು. ಹೇಳಲ್ಲ ಅಂದ್ರೆ ಜನ ನಾಳೆ ಮತ್ತೆ ಕೇಳ್ತಾರೆ, ನಾಡಿದ್ದು ಕಾಲು ಹಿಡೀತಾರೆ. ಒಂದು ರಾಂಗ್ ನಂಬರ್ ಕೊಟ್ಬಿಟ್ರೆ ಸುಮ್ನಾಗ್ತಾರೆ. ಇವಳಿಗೂ ಅದೇ ಮಾಡ್ದೆ. ಅವಳು ಮೂರು ವಾರ ಊಟ ಬಿಟ್ಟಾಗ ನನ್ನ ಕರುಳು ಕಿತ್ತು ಬಂತು, ಆದ್ರೂ ಬಾಯಿ ಬಿಡ್ಲಿಲ್ಲ. ಮಾತು ಕೊಟ್ಟಿದ್ದೆ ನಿಮ್ಮ ನಿರ್ದೇಶಕರಿಗೆ. ಇನ್ನೊಂದು ವಿಷಯ. ಕೇಳಿದ್ದು ಇವಳೊಬ್ಬಳೇ ಅಲ್ಲ. ಅದನ್ನ ನಾನು ಹೇಳಲ್ಲ, ನೀನೇ ಹೇಳು. ಊಟ ಸರಿಯಾಗಿ ಮಾಡು. ತಲೆ ಬಾಚ್ಕೋ.


ಏಪ್ರಿಲ್ 18

ಅಕ್ಕಾ,

318.

ನನಗೆ ಕೊಟ್ಟದ್ದು ಅದು. ಜನವರಿ ಒಂಬತ್ತರಂದು, ಪ್ಲಾಟ್‌ಫಾರಂನಲ್ಲಿ. ತಡವಾಗಿ ಬಂದ ರೈಲು ಇನ್ನೇನು ಹೊರಡಬೇಕು, ನಾನು ಕಿಟಕಿಯ ಸರಳು ಹಿಡಿದು, “ಎಷ್ಟಮ್ಮಾ?” ಅಂದೆ. ಕೊಡುವುದಿಲ್ಲ ಎಂದೇ ಅಂದುಕೊಂಡಿದ್ದೆ. ಅವಳು ಬಗ್ಗಿ ಕಿವಿಯಲ್ಲಿ ಮುನ್ನೂರ ಹದಿನೆಂಟು ಅಂದಳು. ಲ್ಯಾಬಿಗೆ ಬಂದು ಕೂತು ನಿನಗೆ ಆ ಮೊದಲ ಕಾಗದ ಬರೆದೆ, ಬಾಯಿ ಬಿಡದವಳು ಅಂತ ಅವಳನ್ನು ಹೊಗಳಿ, ಗುಟ್ಟಿನ ನಿಯಮವನ್ನೆಲ್ಲ ಕೊರೆದು.

ಈಗ ನನ್ನ ಪುರಾವೆ ಏನಿತ್ತು ಕೇಳು. ನಿನಗೆ ಕೊಟ್ಟ ಸುಳ್ಳು 748ರಲ್ಲಿ 318 ಕಳೆದರೆ 430. ನೀನು 435 ಅಂತ ಬರೆದೆ. ಐದು ಆಚೆ ಈಚೆ ಅಂತ ಬೇರೆ. ಬಲೆಗೆ ಬಿದ್ದಳು ಅಂದುಕೊಂಡೆ. ಅಮ್ಮನ ಸುಳ್ಳನ್ನೂ ನನ್ನ ಸುಳ್ಳನ್ನೂ ಕೂಡಿಸಿ, ಕಳೆದು, ನಿನ್ನನ್ನು ಕಳ್ಳಿ ಮಾಡಿದೆ. ಅವತ್ತು ಎಲ್ಲರ ಮುಂದೆ ಎದ್ದು ನಿಂತಾಗಲೂ ಇದೊಂದನ್ನು ನುಂಗಿಕೊಂಡೆ. ನೀನು ಎದ್ದು ಹೋಗಿ ನಿನ್ನ ಪಾಲನ್ನು ಹೇಳಿ ಬಂದೆ, ನಾನು ವೀರನ ಹಾಗೆ ಮನೆಗೆ ಬಂದು ಮಲಗಿದ್ದೆ.

ಅಮ್ಮನ ಸಾಲು ಓದಿದ ಮರುದಿನ ನಿರ್ದೇಶಕರ ಬಳಿ ಹೋಗಿ ಹೇಳಿದೆ. ಗುಟ್ಟು ಗೊತ್ತಿದೆ ಎಂದು ನಂಬಿಕೊಂಡು ಮೂರು ತಿಂಗಳು ಅಳೆದಿದ್ದೇನೆ, 688ರಲ್ಲಿ 318 ಕಳೆದು ನಿಜವಾದ ಉತ್ತರ 370 ಎಂದೇ ನನ್ನ ಮನಸ್ಸಿನಲ್ಲಿತ್ತು ಸರ್, ಆದರೂ ಒಂದು ಅಂಕಿಯನ್ನೂ ಎಳೆದಾಡಿಲ್ಲ ಅಂದೆ. ಅವರು ಕೂಗಾಡಲಿಲ್ಲ. ಅದೇ ಕಷ್ಟವಾಯಿತು. ಎರಡು ದಿನ ನನ್ನನ್ನು ನೋಡಿದರೆ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ವ್ಯಾಕ್ಯೂಮ್ ಮಾಮ ಮಾತ್ರ, “ಸೋರಿಕೆ ಪಾತ್ರೇಲಿ ಇದ್ರೆ ನಾನು ಹಿಡೀತೀನಿ ಮಾರಾಯಾ, ನಿನ್ನಲ್ಲಿದ್ರೆ ಏನು ಮಾಡ್ಲಿ?” ಅಂದರು.

ನಿನ್ನೆ ತೀರ್ಮಾನವಾಯಿತು. ಈ ಅಳತೆಯನ್ನು ಹೊರಗೆ ಕಳಿಸುವುದಿಲ್ಲ. ಹೊಸ ಸಂಖ್ಯೆ ಹಾಕಿ ಮೊದಲಿನಿಂದ ಅಳೆಯಬೇಕು. ಅದು ಬರುವ ತನಕ ನಿಮ್ಮ ಸಮಿತಿಯೂ ನಿನ್ನ ಗುಂಪನ್ನು ಮುಟ್ಟುವುದಿಲ್ಲವಂತೆ. ನಿನ್ನ 435 ಹೇಗಿದೆಯೋ ಹಾಗೇ ಇರುತ್ತದೆ, ನೀನೂ ಮುಟ್ಟುವಂತಿಲ್ಲ. ನಿನಗೆ ಇನ್ನೂ ಕೆಲವು ತಿಂಗಳ ಕಾಯುವಿಕೆ ತಂದಿಟ್ಟೆ, ಬೈದುಕೋ.

ಸಂಖ್ಯೆ ಹಾಕಲು ಬೇರೆ ಯಾರನ್ನಾದರೂ ಹುಡುಕುತ್ತೇನೆ ಎಂದು ನಿರ್ದೇಶಕರು ನಿಮ್ಮ ಗಡ್ಡದವರಿಗೆ ಫೋನಿನಲ್ಲಿ ಹೇಳಿದರು. ನಾನು ಎದುರಿಗೇ ಇದ್ದೆ, ಆ ಕಡೆಯ ದನಿ ನನಗೂ ಕೇಳಿಸಿತು: “ಬೇರೆ ಯಾರೂ ಬೇಡ. ಹೊಟ್ಟೇಲಿ ಹುಟ್ಟಿದ ಇಬ್ಬರಿಗೂ ರಾಂಗ್ ನಂಬರ್ ಕೊಟ್ಟ ಆ ತಾಯಿನೇ ಬರ್ಲಿ. ಮಗಳೂ ಜೊತೆಗೆ ಬರ್ಲಿ, ನನಗೆ ಅಭ್ಯಂತರ ಇಲ್ಲ.”

ಅದಕ್ಕೆ, ಇಬ್ಬರೂ ಹೊರಟು ಬನ್ನಿ. ಅಮ್ಮ ಒಳಗೆ ಕೂತು ಒತ್ತಲಿ, ನಾವಿಬ್ಬರೂ ಗಾಜಿನಾಚೆ ಬೆನ್ನು ತಿರುಗಿಸಿ ನಿಲ್ಲೋಣ. ವಾಪಸ್ ಕಳಿಸಲು ಸ್ಟೇಷನ್ನಿಗೆ ನಾನು ಬರುತ್ತೇನೆ, ಆದರೆ ಒಬ್ಬನೇ ಬರುವುದಿಲ್ಲ. ವ್ಯಾಕ್ಯೂಮ್ ಮಾಮನನ್ನು ಜೊತೆಗೆ ಕರೆದುಕೊಂಡು ಬರುತ್ತೇನೆ. ರೈಲು ತಡವಾದರೆ ನನ್ನ ಮೇಲೆ ನನಗೆ ನಂಬಿಕೆ ಇಲ್ಲ.

ಪುಟ್ಟ